ಧಾರವಾಡದಲ್ಲಿ ಕೂತು ಬಾಹ್ಯಾಕಾಶ ಟೆಲಿಸ್ಕೋಪಿಗೆ ಅರ್ಜಿ ಹಾಕುವುದು ಹೇಗೆ?

ಮೃಗಶಿರ ಮಳೆ ಬಿದ್ದು ನೆಲ ಹದಕ್ಕೆ ಬಂದ ದಿನ ಬಾಡಿಗೆ ಟ್ರ್ಯಾಕ್ಟರ್ ಸಿಗುವುದು ಎಷ್ಟು ಕಷ್ಟ ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಹೆಸರು ಬಿತ್ತುವವರೆಲ್ಲ ಒಂದೇ ಗಾಡಿಯ ಹಿಂದೆ. ಬಾಹ್ಯಾಕಾಶ ಟೆಲಿಸ್ಕೋಪಿನಲ್ಲಿ ಆಕಾಶ ನೋಡಲು ಸಮಯ ಕೇಳುವವರದ್ದೂ ಇದೇ ಪಾಳಿ. ಜೇಮ್ಸ್ ವೆಬ್ ಟೆಲಿಸ್ಕೋಪಿನ ನಾಲ್ಕನೇ ಸುತ್ತಿಗೆ 2024ರ ಅಕ್ಟೋಬರಿನಲ್ಲಿ 2,377 ಅರ್ಜಿ ಬಂದವು. ಎಲ್ಲರೂ ಸೇರಿ ಕೇಳಿದ್ದು ಸುಮಾರು 78,000 ಗಂಟೆ. ಒಂದು ವರ್ಷದಲ್ಲಿ ಇರುವುದೇ 8,760 ಗಂಟೆ!

ಹಾಗಂತ ನಮ್ಮಂಥವರು ಕೇಳಲೇಬಾರದು ಅಂತಿಲ್ಲ. ಹಬಲ್, ವೆಬ್ ಎರಡಕ್ಕೂ ಯಾವ ದೇಶದವರೂ ಅರ್ಜಿ ಹಾಕಬಹುದು, ಸಮಯಕ್ಕೆ ದುಡ್ಡು ಕಟ್ಟಬೇಕಿಲ್ಲ. ಆದರೆ ಕರ್ನಾಟಕ ವಿಶ್ವವಿದ್ಯಾಲಯದಲ್ಲೋ, ಇಲ್ಲಿನ ಯಾವುದಾದರೂ ಕಾಲೇಜಿನಲ್ಲೋ ಭೌತಶಾಸ್ತ್ರ ಕಲಿಸುವವರು, ಪಿಎಚ್‌.ಡಿ. ಮಾಡುವವರು ಮೊದಲು ನೋಡಬೇಕಾದ್ದು ನಮ್ಮದೇ ಇಸ್ರೋದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್ ಕಡೆಗೆ. 2015ರ ಸೆಪ್ಟೆಂಬರ್ 28ರಂದು ಹಾರಿದ ಇದನ್ನು 5 ವರ್ಷದ ಬಾಳಿಕೆಗೆ ಅಂತ ಕಟ್ಟಿದ್ದರು. ಹತ್ತು ವರ್ಷ ದಾಟಿದೆ. ನೇರಳಾತೀತ ಬೆಳಕು, ಎಕ್ಸ್-ಕಿರಣ ಎರಡನ್ನೂ ಒಟ್ಟಿಗೇ ನೋಡುತ್ತದೆ. ಇಸ್ರೋ ಅರ್ಜಿ ಕರೆದಾಗ ಆಯಾ ಸುತ್ತಿನ ಸೂಚನೆಯನ್ನು ಪೂರ್ತಿ ಓದಿ. ಯಾವ ಉಪಕರಣ ಲಭ್ಯ, ಯಾರು ಮುಖ್ಯ ಅರ್ಜಿದಾರರಾಗಬಹುದು, ಎಲ್ಲ ಅದರಲ್ಲೇ ಇರುತ್ತದೆ. ನೇರಳಾತೀತ ಟೆಲಿಸ್ಕೋಪಿನ ಒಂದು ಭಾಗ 2018ರಲ್ಲೇ ಕೆಟ್ಟಿದೆ. ಅದು ಗೊತ್ತಿಲ್ಲದೆ ಅದನ್ನೇ ಕೇಳಿದರೆ ಅರ್ಜಿ ಅಲ್ಲಿಗೇ ಮುಗಿಯಿತು.

ಬರೆಯುವ ಮೊದಲು ಹಳೆಯ ಡೇಟಾ ಹುಡುಕಿ. ನಿಮ್ಮ ನಕ್ಷತ್ರವನ್ನೋ ಗ್ಯಾಲಕ್ಸಿಯನ್ನೋ ಯಾರಾದರೂ ಈಗಾಗಲೇ ನೋಡಿರಬಹುದು. ಆಸ್ಟ್ರೋಸ್ಯಾಟಿನ ಡೇಟಾ ಬೆಂಗಳೂರಿನ ಹತ್ತಿರದ ಬ್ಯಾಲಾಳು ಕೇಂದ್ರದಲ್ಲಿದೆ. ಸಮಯ ಪಡೆದವರಿಗೇ ಮೀಸಲಾದ ಅವಧಿ ಮುಗಿದ ಮೇಲೆ ಡೇಟಾ ಎಲ್ಲರಿಗೂ ಉಚಿತ. ಹಬಲ್, ವೆಬ್‌ನದ್ದೂ ಹಾಗೆಯೇ. ನನ್ನನ್ನು ಕೇಳಿದರೆ ಮೊದಲ ಪ್ರಬಂಧವನ್ನು ಈ ಹಳೆಯ ಡೇಟಾದಿಂದಲೇ ಮಾಡಿ. ಆಮೇಲೆ ಹೊಸ ಸಮಯ ಕೇಳುವಾಗ "ಇವರಿಗೆ ಡೇಟಾ ಬಿಡಿಸುವುದು ಗೊತ್ತಾ?" ಎಂಬ ಅನುಮಾನ ಇರುವುದಿಲ್ಲ.

ಇನ್ನು ಲೆಕ್ಕ. ಹೆಚ್ಚಿನ ಅರ್ಜಿಗಳು ಸೋಲುವುದು ಇಲ್ಲೇ. "ಈ ಗ್ಯಾಲಕ್ಸಿ ತುಂಬಾ ಮುಖ್ಯ" ಅಂದರೆ ಸಾಲದು. ಎಷ್ಟು ಸೆಕೆಂಡ್ ಬೇಕು, ಯಾಕೆ ಅಷ್ಟೇ ಬೇಕು ಅಂತ ತೋರಿಸಬೇಕು. ನಿಮ್ಮ ಮಸುಕಾದ ನಕ್ಷತ್ರದಿಂದ 50 ಸೆಕೆಂಡಿಗೆ ಒಂದು ಬೆಳಕಿನ ಕಣ ಬರುತ್ತದೆ ಅನ್ನೋಣ. 100 ಕಣ ಸೇರಿದರೆ ಅದರ ಏರಿಳಿತ ಸುಮಾರು 10, ಅಂದರೆ 100ರ ವರ್ಗಮೂಲ. ಅಂದರೆ ಈ ಏರಿಳಿತಕ್ಕಿಂತ (ಗದ್ದಲ) ನಿಮಗೆ ಬೇಕಾದ ಬೆಳಕು (ಸಂಕೇತ) ಹತ್ತು ಪಟ್ಟು. ಇದಕ್ಕೆ 5,000 ಸೆಕೆಂಡ್ ಬೇಕು. ಇಪ್ಪತ್ತು ಪಟ್ಟು ಬೇಕೆಂದರೆ ಎರಡರಷ್ಟು ಸಮಯ ಸಾಲದು, ನಾಲ್ಕರಷ್ಟು ಬೇಕು: 20,000 ಸೆಕೆಂಡ್. ಹಿನ್ನೆಲೆ ಬೆಳಕನ್ನು ಸೇರಿಸಿದರೆ ಇನ್ನೂ ಜಾಸ್ತಿ. ಆಸ್ಟ್ರೋಸ್ಯಾಟ್ ಭೂಮಿಯನ್ನು ಸುತ್ತಲು ಸುಮಾರು 98 ನಿಮಿಷ ಬೇಕು. ಅದರ ನೇರಳಾತೀತ ಕಣ್ಣು ಕೆಲಸ ಮಾಡುವುದು ಭೂಮಿಯ ನೆರಳಿನಲ್ಲಿರುವಾಗ ಮಾತ್ರ. ಒಂದು ಸುತ್ತಿಗೆ ಅರ್ಧ ಗಂಟೆ ಸಿಕ್ಕರೆ ಪುಣ್ಯ. ಹಾಗಾಗಿ ಕಾಗದದ ಮೇಲೆ ಚಿಕ್ಕದಾಗಿ ಕಾಣುವ 5,000 ಸೆಕೆಂಡ್ ನಿಜದಲ್ಲಿ ಮೂರ್ನಾಲ್ಕು ಸುತ್ತು. ಲೆಕ್ಕ ಹಾಕುವ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಆದರೂ ಒಮ್ಮೆ ಕೈಯಾರೆ ಮಾಡಿ ನೋಡಿ, ತಪ್ಪು ಬೇಗ ಕಾಣುತ್ತದೆ.

ನನ್ನ ಮೊದಲ ಅರ್ಜಿಯಲ್ಲಿ ಈ ಲೆಕ್ಕವೆಲ್ಲ ಸರಿ ಇತ್ತು. ಬಿದ್ದದ್ದು ಬೇರೆ ಕಡೆ. ಆಸ್ಟ್ರೋಸ್ಯಾಟಿನ ನೇರಳಾತೀತ ಟೆಲಿಸ್ಕೋಪಿಗೆ ಒಂದೇ ಸಲಕ್ಕೆ ಕಾಣುವ ಆಕಾಶ ಹೆಚ್ಚುಕಡಿಮೆ ಹುಣ್ಣಿಮೆ ಚಂದ್ರನಷ್ಟು ಅಗಲ. ನನ್ನ ಗ್ಯಾಲಕ್ಸಿಯ ಪಕ್ಕದಲ್ಲೇ, ಆ ಅಗಲದೊಳಗೆ, ಒಂದು ಬಿಸಿ ನಕ್ಷತ್ರ ಕೂತಿತ್ತು. ಅಂಥ ಬೆಳಕು ಬಿದ್ದರೆ ಉಪಕರಣಕ್ಕೇ ಅಪಾಯ. ತಾಂತ್ರಿಕ ಪರಿಶೀಲನೆಯಲ್ಲೇ ಅರ್ಜಿ ವಾಪಸ್ ಬಂತು. ಇದನ್ನು ಮೊದಲೇ ನೋಡಿಕೊಳ್ಳಲು ಒಂದು ತಂತ್ರಾಂಶ ಇದೆ, ಹತ್ತು ನಿಮಿಷದ ಕೆಲಸ. ಸುಮ್ನೆ ಸೋಮಾರಿತನ ಮಾಡಿದ್ದೆ.

ತಾಂತ್ರಿಕ ಸಮಿತಿ ದಾಟಿದರೆ ಸಮಯ ಹಂಚುವ ಸಮಿತಿ. ಅವರ ಮುಂದೆ ನೂರಾರು ಪುಟ ಇರುತ್ತದೆ. ಮೊದಲ ಪ್ಯಾರಾದಲ್ಲೇ ಪ್ರಶ್ನೆ ಏನು, ಈ ಟೆಲಿಸ್ಕೋಪ್ ಬಿಟ್ಟು ಬೇರೆ ಯಾವುದರಿಂದಲೂ ಉತ್ತರ ಯಾಕೆ ಸಿಗದು ಅಂತ ಹೇಳಿಬಿಡಿ. ಹಬಲ್‌ಗೆ 2018ರಿಂದ ಅರ್ಜಿದಾರರ ಹೆಸರು, ಸಂಸ್ಥೆ ಪರಿಶೀಲಕರಿಗೆ ಕಾಣುವುದಿಲ್ಲ. ವೆಬ್‌ಗೂ ಇದೇ ನಿಯಮ. "ನಾವು ಹಿಂದೆ ತೋರಿಸಿದಂತೆ" ಅಂತ ಬರೆದು ಗುರುತು ಬಿಟ್ಟುಕೊಡುವಂತಿಲ್ಲ. ಧಾರವಾಡದವರಿಗೂ ಹಾರ್ವರ್ಡ್‌ನವರಿಗೂ ಒಂದೇ ತಕ್ಕಡಿ, ಒಳ್ಳೆಯದೇ ಅಲ್ವಾ?

ದುಡ್ಡಿನ ತಕ್ಕಡಿ ಮಾತ್ರ ಬೇರೆ. ಹಬಲ್, ವೆಬ್ ಸಮಯ ಸಿಕ್ಕವರಿಗೆ ನಾಸಾದ ಅನುದಾನ ಉಂಟು, ಆದರೆ ಅದು ಅಮೆರಿಕದ ಸಂಸ್ಥೆಗಳಲ್ಲಿ ಇರುವವರಿಗೆ. ನಮಗೆ ಸಮಯ ಸಿಗಬಹುದು, ಕಾಸು ಬರುವುದಿಲ್ಲ. ಇಲ್ಲಿ ಸಂಶೋಧನೆಗೆ ದುಡ್ಡು ಕೊಡಲು ಇಸ್ರೋದ ರೆಸ್ಪಾಂಡ್ ಯೋಜನೆ ಇದೆ, ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಇದೆ. ಈ ಅರ್ಜಿ ಬೇರೆಯೇ, ಇದಕ್ಕೆ ನಿಮ್ಮ ಸಂಸ್ಥೆಯ ಮುಖ್ಯಸ್ಥರ ಒಪ್ಪಿಗೆ ಬೇಕು. ಕಂಪ್ಯೂಟರಿಗೇ ಬಜೆಟ್ ಸುರಿಯಬೇಡಿ. ಒಬ್ಬ ಸಂಶೋಧನಾ ಸಹಾಯಕರ ಸಂಬಳ ಮೊದಲು ಬರೆಯಿರಿ, ಓಡಾಟದ ಖರ್ಚು ಆಮೇಲೆ. ಕಾಲೇಜು ಶಿಕ್ಷಕರಿಗೆ ಪುಣೆಯ ಖಗೋಳ ಸಂಶೋಧನಾ ಕೇಂದ್ರ ಅಯುಕಾದಲ್ಲಿ ಭೇಟಿ ಸಹಸದಸ್ಯತ್ವ (ಆಗಾಗ ಹೋಗಿ ಅಲ್ಲಿ ಕೆಲಸ ಮಾಡುವ ಅವಕಾಶ) ಅಂತ ಒಂದು ಒಳ್ಳೆಯ ವ್ಯವಸ್ಥೆ ಇದೆ. ಪ್ರಯಾಣ, ವಸತಿ ಅವರದ್ದೇ. ಆಸ್ಟ್ರೋಸ್ಯಾಟ್ ಬಲ್ಲವರೂ ಅಲ್ಲೇ ಇದ್ದಾರೆ. ಹುಬ್ಬಳ್ಳಿಯಲ್ಲಿ ರಾತ್ರಿ ಬಸ್ ಹತ್ತಿದರೆ ಬೆಳಿಗ್ಗೆ ಪುಣೆ.

ಈ ದುಡ್ಡಿನ ಅರ್ಜಿಯನ್ನು ಸಮಯ ಸಿಗುವ ಮೊದಲೇ ಹಾಕಿಡಿ. ಯಾಕೆಂದರೆ ಡೇಟಾ ಕೈಗೆ ಬಂದ ದಿನದಿಂದ ಗಡುವು ಶುರು. ವೆಬ್‌ನಲ್ಲಿ ಸಾಮಾನ್ಯವಾಗಿ 12 ತಿಂಗಳು, ಹಬಲ್‌ನಲ್ಲಿ 6 ತಿಂಗಳು ಅದು ನಿಮ್ಮದು, ಆಮೇಲೆ ಊರಿಗೆಲ್ಲ. ಆ ಆರು ತಿಂಗಳಲ್ಲಿ ಒಂದು ಸೆಮಿಸ್ಟರ್ ಪರೀಕ್ಷೆ, ಒಂದು ಮೌಲ್ಯಮಾಪನ ಬಂದೇ ಬರುತ್ತದೆ.