ಮನೆ ಆಟೊಮೇಷನ್ ಮಾಡ್ತೀರಾ? ಮೊದಲು ನೀರಿನ ಮೋಟಾರ್ ಹಿಡಿಯಿರಿ

ಮನೆಗೆ ಆಟೊಮೇಷನ್ ಬೇಕು ಅಂದವರು ಸಾಮಾನ್ಯವಾಗಿ ಮೊದಲು ಕೊಳ್ಳುವುದು ಬಣ್ಣ ಬದಲಾಯಿಸುವ ಬಲ್ಬು. ಅದನ್ನು ಆಮೇಲೆ ನೋಡೋಣ. ಬೆಂಗಳೂರಿನ ಮನೆಯಲ್ಲಿ ದಿನಾ ತಲೆ ತಿನ್ನುವುದು ನೀರು. ನಮ್ಮ ತ್ಯಾಗರಾಜನಗರದ ಮನೆಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. ಸಂಪ್ ತುಂಬಿದ ಮೇಲೆ ಮೋಟಾರ್ ಹಾಕಬೇಕು, ಟ್ಯಾಂಕ್ ತುಂಬಿ ಸುರಿಯುವ ಮೊದಲು ನೆನಪಿಟ್ಟು ಆಫ್ ಮಾಡಬೇಕು. ಇದನ್ನು ನೋಡಿಕೊಳ್ಳುತ್ತಿದ್ದವರು ಅಮ್ಮ. ಮಂಡಿನೋವಿನಲ್ಲಿ ಮೆಟ್ಟಿಲು ಹತ್ತಿ ಟ್ಯಾಂಕ್ ಇಣುಕುವುದು ತಪ್ಪಲಿ ಅಂತಲೇ ನಾನು ಮೋಟಾರ್ ತಾನೇ ನಿಲ್ಲುವ ಈ ವ್ಯವಸ್ಥೆ ಕೂರಿಸಿದ್ದು.

ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಇದು ಕೆಟ್ಟು ನಿಂತ್ರೆ ನಾನೇನೋ ಮಾಡ್ಲಿ?" ಪ್ರತಿ ತಂತಿ ಎಳೆಯುವಾಗಲೂ ನೀವು ಇದೇ ಪ್ರಶ್ನೆ ಕೇಳಿಕೊಳ್ಳಿ. ಇಂಟರ್ನೆಟ್ ಹೋದರೆ? ಇದನ್ನೆಲ್ಲ ನೋಡಿಕೊಳ್ಳುವ ಕಂಪ್ಯೂಟರ್, ಅಂದರೆ ಸರ್ವರ್, ನಿಂತರೆ? ಮನೆಯಲ್ಲಿ ನೀವಿಲ್ಲದಿದ್ದರೆ?

ಸರ್ವರ್‌ಗೆ ಹೊಸ ಯಂತ್ರ ಬೇಕಾಗಿಲ್ಲ, ಹಳೇ ಲ್ಯಾಪ್‌ಟಾಪ್ ಸಾಕು. ಬ್ಯಾಟರಿ ಚೆನ್ನಾಗಿದ್ದರೆ ಕರೆಂಟ್ ಹೋದಾಗ ಅದೇ ಯುಪಿಎಸ್, ಉಬ್ಬಿದ್ದರೆ ತೆಗೆದುಹಾಕಿ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಆದರೆ ಎಸ್‌ಡಿ ಕಾರ್ಡ್ ನಂಬಬೇಡಿ, ಎಸ್‌ಎಸ್‌ಡಿ ಹಾಕಿ. ಪದೇ ಪದೇ ಕರೆಂಟ್ ಹೋಗುವ ಕಡೆ ಕಾರ್ಡ್ ಬೇಗ ಹಾಳಾಗುತ್ತದೆ. ಮೇಲೆ ಹಾಕುವ ಸಾಫ್ಟ್‌ವೇರ್ ಹೋಮ್ ಅಸಿಸ್ಟೆಂಟ್. 2013ರಲ್ಲಿ ಪೌಲಸ್ ಸ್ಕೌಟ್ಸನ್ ಶುರು ಮಾಡಿದ್ದು. ಉಚಿತ, ಓಪನ್ ಸೋರ್ಸ್. ನಿಮ್ಮ ಮನೆಯೊಳಗೇ ಓಡುವುದರಿಂದ ಇಂಟರ್ನೆಟ್ ಇಲ್ಲದಿದ್ದರೂ ಕೆಲಸ ನಡೆಯುತ್ತದೆ. ರೌಟರ್‌ಗೂ ಒಂದು ಪುಟ್ಟ ಯುಪಿಎಸ್ ಇರಲಿ.

ಇನ್ನು ಟ್ಯಾಂಕ್. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿನಲ್ಲಿ ಇಎಸ್‌ಪಿ32 ಎಂಬ ವೈಫೈ ಇರುವ ಪುಟ್ಟ ಕಂಟ್ರೋಲ್ ಬೋರ್ಡು, ಜೆಎಸ್‌ಎನ್-ಎಸ್‌ಆರ್04ಟಿ ಎಂಬ ವಾಟರ್‌ಪ್ರೂಫ್ ಅಲ್ಟ್ರಾಸಾನಿಕ್ ಸೆನ್ಸರ್ ಎರಡೂ ಸಿಗುತ್ತವೆ. ಸೆನ್ಸರ್ ಶಬ್ದ ಕಳಿಸಿ, ಪ್ರತಿಧ್ವನಿ ಬರುವ ಸಮಯದಿಂದ ನೀರು ಎಷ್ಟು ಕೆಳಗಿದೆ ಅಂತ ಲೆಕ್ಕ ಹಾಕುತ್ತದೆ. ಆದರೆ ಸುಮಾರು 20-25 ಸೆಂ.ಮೀ. ಒಳಗೆ ಬಂದದ್ದು ಇದಕ್ಕೆ ಸರಿಯಾಗಿ ತಿಳಿಯುವುದಿಲ್ಲ. ಟ್ಯಾಂಕ್ ತುಂಬುವ ಹೊತ್ತಿಗೇ ಕುರುಡಾದರೆ ಏನು ಪ್ರಯೋಜನ, ಅಲ್ವಾ? ಹಾಗಾಗಿ ತುಂಬಿದ ಮಟ್ಟಕ್ಕಿಂತ ಕನಿಷ್ಠ 30 ಸೆಂ.ಮೀ. ಮೇಲಿರುವಂತೆ ಕೂರಿಸಿ. ನೀರು ಬೀಳುವ ಪೈಪಿನಿಂದ ದೂರ ಇರಲಿ, ಇಲ್ಲದಿದ್ದರೆ ಅಲೆಗೆ ಅಳತೆ ಕುಣಿಯುತ್ತದೆ. ಸೆನ್ಸರ್‌ಗೆ 5 ವೋಲ್ಟ್ ಕೊಟ್ಟರೆ ಎಕೋ ಪಿನ್ನಿನಿಂದಲೂ 5 ವೋಲ್ಟ್ ಬರುತ್ತದೆ. ಇಎಸ್‌ಪಿ32 ತಡೆಯುವುದು 3.3 ಮಾತ್ರ. ಮಧ್ಯೆ 1 ಕಿಲೋ ಓಮ್, ಇಎಸ್‌ಪಿ ಪಿನ್ನಿನಿಂದ ಗ್ರೌಂಡಿಗೆ 2 ಕಿಲೋ ಓಮ್ ರೆಸಿಸ್ಟರ್ ಹಾಕಿ ವೋಲ್ಟೇಜ್ ಇಳಿಸಿ.

ಮೋಟಾರ್ ಕಡೆಗೆ ಬಂದರೆ, ಬೋರ್ಡಿನ ಮಾತಿಗೆ ಆನ್-ಆಫ್ ಆಗುವ ಪುಟ್ಟ ಸ್ವಿಚ್ ರಿಲೇ. ಅದರ ಮೇಲೆ '10 ಆಂಪ್ಸ್' ಅಂತ ಬರೆದಿದ್ದರೂ ಮೋಟಾರನ್ನು ನೇರವಾಗಿ ಅದಕ್ಕೆ ಕಟ್ಟಬೇಡಿ. 1 ಎಚ್‌ಪಿ ಅಂದರೆ 746 ವ್ಯಾಟ್, ಆದರೆ ಸ್ಟಾರ್ಟ್ ಆಗುವ ಕ್ಷಣದಲ್ಲಿ ಮೋಟಾರ್ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ರಿಲೇಯ ಕಾಂಟ್ಯಾಕ್ಟ್ ಅಂಟಿಕೊಂಡರೆ ಮೋಟಾರ್ ಆಫೇ ಆಗುವುದಿಲ್ಲ. ರಿಲೇ ಒಂದು ಕಾಂಟ್ಯಾಕ್ಟರಿನ (ಭಾರಿ ಕರೆಂಟ್ ತಡೆಯುವ ದೊಡ್ಡ ಸ್ವಿಚ್) ಕಾಯಿಲ್ ಅನ್ನು, ಅಂದರೆ ಅದನ್ನು ಎಳೆದು ಆನ್ ಮಾಡುವ ಸುರುಳಿಯನ್ನು, ಮಾತ್ರ ಆಡಿಸಲಿ, ಮೋಟಾರಿನ ಭಾರ ಕಾಂಟ್ಯಾಕ್ಟರ್ ಹೊರಲಿ.

ಅದರ ಪಕ್ಕದಲ್ಲೇ ಅಮ್ಮನ ಪ್ರಶ್ನೆಗೆ ಉತ್ತರ ಇದೆ: ಆಟೊ, ಆಫ್, ಮ್ಯಾನುಯಲ್ ಎಂದು ತಿರುಗಿಸುವ ಸ್ವಿಚ್. ಮ್ಯಾನುಯಲ್‌ಗೆ ತಿರುಗಿಸಿದರೆ ಇಎಸ್‌ಪಿ, ವೈಫೈ, ಸರ್ವರ್ ಯಾವುದರ ಹಂಗೂ ಇಲ್ಲದೆ ಮೋಟಾರ್ ಓಡಬೇಕು. ಸಂಪಿನಲ್ಲಿ ನೀರಿನ ಜೊತೆ ತೇಲುವ ಒಂದು ಫ್ಲೋಟ್ ಸ್ವಿಚ್ ಬಿಟ್ಟು ಅದೇ ಕಾಯಿಲ್‌ನ ದಾರಿಯಲ್ಲಿ ಸೇರಿಸಿ. ಸಂಪ್ ಖಾಲಿಯಾದರೆ ಯಾವ ಸಾಫ್ಟ್‌ವೇರ್ ಏನೇ ಹೇಳಿದರೂ ಮೋಟಾರ್ ನಿಲ್ಲುತ್ತದೆ. ಒಣಗಿ ಓಡಿದ ಪಂಪಿನ ಸೀಲ್ ಸುಟ್ಟು ಹೋಗುತ್ತದೆ. ಈ 230 ವೋಲ್ಟ್ ವೈರಿಂಗ್ ಪೂರ್ತಿ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. ನೀರಿನ ಹತ್ತಿರದ ಕೆಲಸ, ಕರೆಂಟ್ ಸೋರಿದರೆ ಸಪ್ಲೈ ಕಡಿಯುವ ಆರ್‌ಸಿಸಿಬಿ ಮತ್ತು ಅರ್ಥಿಂಗ್ ಇರಲೇಬೇಕು. ನಿಮ್ಮಲ್ಲಿ ಬಟನ್ ಒತ್ತುವ ಸ್ಟಾರ್ಟರ್ ಇದ್ದರೆ ವೈರಿಂಗ್ ಬೇರೆ ಥರ ಆಗುತ್ತದೆ, ಮೊದಲೇ ತೋರಿಸಿ.

ಬೋರ್ಡಿಗೆ ಇಎಸ್‌ಪಿಹೋಮ್ ಎಂಬ ಸಾಫ್ಟ್‌ವೇರ್ ಹಾಕಿ. ಮೋಟಾರ್ ಯಾವಾಗ ನಿಲ್ಲಬೇಕು ಎಂಬ ನಿಯಮ ಬೋರ್ಡಿನಲ್ಲೇ ಇರಲಿ, ಸರ್ವರ್‌ನಲ್ಲಿ ಬೇಡ. ಟ್ಯಾಂಕ್ ತುಂಬಲು 20 ನಿಮಿಷ ಬೇಕಾದರೆ 25 ನಿಮಿಷಕ್ಕೆ ತಾನೇ ಆಫ್ ಆಗಲಿ. ಸೆನ್ಸರಿನಿಂದ ಅಳತೆ ಬರದಿದ್ದರೂ ಆಫ್ ಆಗಲಿ. ಕರೆಂಟ್ ಬಂದಾಗ ರಿಲೇ ಯಾವಾಗಲೂ ಆಫ್ ಸ್ಥಿತಿಯಲ್ಲೇ ಎದ್ದೇಳಲಿ. ಇನ್ನೊಂದು ಸಣ್ಣ ವಿಷಯ ಜಾಸ್ತಿ ಜನ ಗಮನಿಸುವುದಿಲ್ಲ: 15 ನಿಮಿಷ ಸರ್ವರ್ ಅಥವಾ ವೈಫೈ ಸಿಗದಿದ್ದರೆ ಇಎಸ್‌ಪಿಹೋಮ್ ಬೋರ್ಡ್ ತಾನೇ ರೀಬೂಟ್ ಆಗುತ್ತದೆ. ಮೋಟಾರ್ ಸುಮ್ನೆ ಮಧ್ಯೆ ನಿಂತುಬಿಡುತ್ತದೆ. ಇಎಸ್‌ಪಿಹೋಮ್ ಸೆಟ್ಟಿಂಗಿನ ವೈಫೈ, ಎಪಿಐ (ಸರ್ವರ್ ಜೊತೆ ಮಾತಾಡುವ ಭಾಗ) ಎರಡರಲ್ಲೂ ರೀಬೂಟ್ ಟೈಮ್‌ಔಟ್ ಸೊನ್ನೆ ಮಾಡಿ.

ಸಂಪಿಗೂ ಒಂದು ಸೆನ್ಸರ್ ಹಾಕಿದರೆ ಮಟ್ಟ ಏರತೊಡಗಿದ ಕೂಡಲೇ ಫೋನಿಗೆ 'ಕಾವೇರಿ ನೀರು ಬಂತು' ಅಂತ ಸಂದೇಶ ಕಳಿಸಬಹುದು. ಸಂದೇಶವನ್ನು ಕನ್ನಡದಲ್ಲೇ ಬರೆಯಿರಿ, ಮನೆಯವರೆಲ್ಲ ಓದಬೇಕಲ್ಲ. ಊರಿಗೆ ಹೋದಾಗ ನೋಡಲು ರೌಟರ್‌ನಲ್ಲಿ ಪೋರ್ಟ್ ತೆರೆಯಬೇಡಿ, ಹೊರಗಿನಿಂದ ಮನೆ ನೆಟ್‌ವರ್ಕಿಗೆ ಸುರಕ್ಷಿತ ದಾರಿ ಕೊಡುವ ಟೇಲ್‌ಸ್ಕೇಲ್ ಹಾಕಿಕೊಳ್ಳಿ. ಹೋಮ್ ಅಸಿಸ್ಟೆಂಟ್‌ನ ಬ್ಯಾಕಪ್ ಬೇರೆ ಡಿಸ್ಕಿಗೆ ಹೋಗಲಿ. ಅದರ ಎನ್‌ಕ್ರಿಪ್ಷನ್ ಕೀಯನ್ನು ಕಾಗದದಲ್ಲಿ ಬರೆದು ಮನೆಪತ್ರದ ಜೊತೆ ಇಡಿ.

ಇಷ್ಟು ಗಟ್ಟಿಯಾದ ಮೇಲೆ ಅದೇ ಲ್ಯಾಪ್‌ಟಾಪಿನಲ್ಲಿ ಇನ್ನೂ ಜಾಗ ಇರುತ್ತದೆ. ಡಾಕರ್ (ಒಂದೊಂದು ಸಾಫ್ಟ್‌ವೇರನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಓಡಿಸುವ ಸಾಧನ) ಗೊತ್ತಿದ್ದರೆ ಫೋಟೋಗಳಿಗೆ ಇಮ್ಮಿಚ್, ಕಾಗದಪತ್ರಕ್ಕೆ ಪೇಪರ್‌ಲೆಸ್-ಎನ್‌ಜಿಎಕ್ಸ್ ಹಾಕಬಹುದು. ಪೇಪರ್‌ಲೆಸ್‌ನಲ್ಲಿ ಸ್ಕ್ಯಾನಿನ ಅಕ್ಷರ ಓದುವ ಓಸಿಆರ್‌ಗೆ ಇಂಗ್ಲಿಷ್ ಜೊತೆ ಕನ್ನಡವನ್ನೂ ಸೇರಿಸಿ. ಆಗ ಸ್ಕ್ಯಾನ್ ಮಾಡಿಟ್ಟ ಕಂದಾಯದ ರಸೀದಿಯನ್ನು ಕನ್ನಡದಲ್ಲೇ ಟೈಪ್ ಮಾಡಿ ಹುಡುಕಬಹುದು.