ಎಂರೆಸ್ ಹಿಡಿದು ಹೆಂಡತಿ-ಮಗಳನ್ನು ಇಂಗ್ಲೆಂಡಿನ ಲೀಡ್ಸ್‌ಗೆ ಕರೆಸಿಕೊಂಡೆ: ನನ್ನ ಅನುಭವ

2024ರ ಜನವರಿಯಿಂದ ಶುರುವಾಗುವ ಕೋರ್ಸುಗಳಿಗೆ ಬ್ರಿಟನ್ ನಿಯಮ ಬಿಗಿ ಮಾಡಿತು. ಒಂದು ವರ್ಷದ ಎಂಎಸ್ಸಿಗೆ ಹೋಗುವವರು ಹೆಂಡತಿ-ಮಕ್ಕಳನ್ನು ಡಿಪೆಂಡೆಂಟ್ (ಅವಲಂಬಿತರ) ವೀಸಾದಲ್ಲಿ ಕರೆದೊಯ್ಯುವಂತಿಲ್ಲ. ಇಷ್ಟು ಎಲ್ಲರಿಗೂ ಗೊತ್ತಿರುವುದೇ. ಅದೇ ನಿಯಮ ಪಿಎಚ್‌ಡಿ ಜೊತೆಗೆ ಸಂಶೋಧನೆಯೇ ಹೆಚ್ಚಿರುವ ಸ್ನಾತಕೋತ್ತರ ಪದವಿಗೂ (ಎಂರೆಸ್, ಅಂದರೆ ಮಾಸ್ಟರ್ ಆಫ್ ರಿಸರ್ಚ್‌ನಂಥದ್ದು) ವಿನಾಯಿತಿ ಕೊಟ್ಟಿದೆ. ನಾನು ಮೆಟ್ಟಿಲು ಹತ್ತಿದ ಬೆಂಗಳೂರಿನ ಯಾವ ಕನ್ಸಲ್ಟೆನ್ಸಿಯಲ್ಲೂ ಈ ಮಾತು ಬರಲಿಲ್ಲ. ನಾನಾಗಿಯೇ ಕೇಳಿದಾಗ, "ಎಂರೆಸ್ ಎಲ್ಲ ಆಗಲ್ಲ ಸಾರ್, ಒಬ್ಬರೇ ಹೋಗಿ, ಆಮೇಲೆ ನೋಡೋಣ" ಅಂದರು. ಮನೆಯಲ್ಲೂ ಅದೇ ಮಾತು. ಐದು ವರ್ಷದ ಮಗಳನ್ನು ಬಿಟ್ಟು ಹೋಗಲು ನಾನು ತಯಾರಿರಲಿಲ್ಲ.

ನನ್ನ ಕೈಯಲ್ಲಿ ಲೀಡ್ಸ್‌ನ ಎಂಎಸ್ಸಿ ಆಫರ್ ಇತ್ತು. ಅದೇ ವಿಭಾಗದಲ್ಲಿ ಎಂರೆಸ್ ಕೂಡ ಇತ್ತು. ಕೋರ್ಸಿನ ಒಟ್ಟು 180 ಕ್ರೆಡಿಟ್‌ನಲ್ಲಿ (ಓದಿನ ಹೊರೆ ಅಳೆಯುವ ಅಂಕ) ಸಂಶೋಧನೆಯ ಪಾಲು ಪಾಠದ ಪಾಲಿಗಿಂತ ದೊಡ್ಡದಿರಬೇಕು, ಎಲ್ಲ ನಿಂತಿರುವುದು ಅದರ ಮೇಲೆ. ಹೆಸರಿನಲ್ಲಿ "ರಿಸರ್ಚ್" ಇದ್ದರೆ ಸಾಲದು, ಮಾಡ್ಯೂಲ್ ಪಟ್ಟಿ ತೆಗೆದು ಕ್ರೆಡಿಟ್ ಕೂಡಿಸಿ ನೋಡಿ. ನಾನು ಕೂಡಿಸಿ, ಪ್ರವೇಶ ವಿಭಾಗಕ್ಕೂ ಬರೆದು, "ಈ ಕೋರ್ಸಿಗೆ ಡಿಪೆಂಡೆಂಟ್ ಅವಕಾಶ ಇದೆ" ಎಂಬ ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಂಡೆ. ಆಫರ್ ಎಂಎಸ್ಸಿಯಿಂದ ಎಂರೆಸ್‌ಗೆ ಬದಲಾಗಲು ಮಾರ್ಗದರ್ಶಕರು ಒಪ್ಪಬೇಕಿತ್ತು. ಅವರಿಗೆ ಕಳಿಸಿದ ಎರಡು ಪುಟದ ಪ್ರಸ್ತಾವದಲ್ಲಿ ಏನು ಬರೆದೆ ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ನಾಳೆ ಇನ್ನೂರು ಜನ ಅದನ್ನೇ ಕಳಿಸಿದರೆ ಯಾರಿಗೂ ಉಪಯೋಗವಾಗುವುದಿಲ್ಲ. ಅವರ ಇತ್ತೀಚಿನ ಕೆಲಸ ಓದಿ, ನಮ್ಮ ಶರಾವತಿ ಕಣಿವೆಯ ಮಳೆ ಲೆಕ್ಕವನ್ನು ಅದಕ್ಕೆ ಜೋಡಿಸಿದ್ದೆ ಎಂದಷ್ಟು ಹೇಳಬಲ್ಲೆ. ವಾರದೊಳಗೆ ಒಪ್ಪಿಗೆ ಬಂತು.

ಇನ್ನು ದುಡ್ಡು. ಲಂಡನ್ ಹೊರಗೆ ಆಗ, 2024ರಲ್ಲಿ, ವಿದ್ಯಾರ್ಥಿಗೆ ತಿಂಗಳಿಗೆ 1,023 ಪೌಂಡ್, ಡಿಪೆಂಡೆಂಟ್ ಒಬ್ಬರಿಗೆ 680 ಪೌಂಡ್, ಒಂಬತ್ತು ತಿಂಗಳದ್ದು ಬ್ಯಾಂಕಿನಲ್ಲಿ ತೋರಿಸಬೇಕಿತ್ತು. ಮೂವರಿಗೆ ಸೇರಿ 21 ಸಾವಿರದ ಮೇಲೆ, ಅಂದರೆ ಇಪ್ಪತ್ಮೂರು-ಇಪ್ಪತ್ನಾಲ್ಕು ಲಕ್ಷ. ಕಟ್ಟದೆ ಉಳಿದ ಫೀಸು ಇದರ ಮೇಲೆ. ಆಗ ತಲಾ 490 ಪೌಂಡ್ ವೀಸಾ ಶುಲ್ಕ ಇತ್ತು, ಆರೋಗ್ಯ ಸರ್ಚಾರ್ಜ್ (ಅಲ್ಲಿನ ಸರಕಾರಿ ಚಿಕಿತ್ಸೆಗೆ ಮೊದಲೇ ಕಟ್ಟುವ ಹಣ) ವರ್ಷಕ್ಕೆ 776. ಕೋರ್ಸ್ ಒಂದೇ ವರ್ಷವಾದರೂ ವೀಸಾ ಅದಕ್ಕಿಂತ ನಾಲ್ಕೈದು ತಿಂಗಳು ಹೆಚ್ಚಿಗೆ ಸಿಗುವುದರಿಂದ ಒಂದೂವರೆ ವರ್ಷದ ಸರ್ಚಾರ್ಜ್ ಹಿಡಿಯುತ್ತಾರೆ, ತಲೆಗೆ 1,164. ಮೂವರಿಗೆ ಇದೊಂದೇ ಮೂರೂಮುಕ್ಕಾಲು ಲಕ್ಷ ಆಯಿತು.

ಮೊದಲ ಸಲ ನನ್ನದು ಪಾಸಾಯಿತು, ಹೆಂಡತಿ-ಮಗಳದ್ದು ತಿರಸ್ಕಾರ. ಕಾರಣ ಒಂದೇ ಸಾಲು: ಹಣ ತಪ್ಪು ಹೆಸರಿನಲ್ಲಿದೆ. ಅರ್ಜಿ ತುಂಬಿಸಿದ ಕನ್ಸಲ್ಟೆಂಟ್ "ಮಾವನ ಎಫ್‌ಡಿ ತೋರಿಸಿ, ಸಾಕು" ಅಂದಿದ್ದರು. ವಿದ್ಯಾರ್ಥಿಗೆ ಸ್ವಂತ ತಂದೆ-ತಾಯಿಯ ಖಾತೆ ನಡೆಯುತ್ತದೆ. ಹೆಂಡತಿಯ ಲೆಕ್ಕಕ್ಕೆ ಅವಳ ಖಾತೆ ಇಲ್ಲವೇ ನನ್ನ ಖಾತೆ, ಅವಳ ಅಪ್ಪನ ಖಾತೆ ನಡೆಯುವುದಿಲ್ಲ. ಇಬ್ಬರ ವೀಸಾ ಶುಲ್ಕ ಲಕ್ಷದ ಮೇಲೆ ಹೋಯಿತು, ಸರ್ಚಾರ್ಜ್ ಮಾತ್ರ ವಾಪಸ್ ಬಂತು. ನಾನು ಸೆಪ್ಟೆಂಬರಿನಲ್ಲಿ ಒಬ್ಬನೇ ವಿಮಾನ ಹತ್ತಿದೆ. ಒಮ್ಮೆ ತಿರಸ್ಕಾರವಾದರೆ ಮುಗಿಯಿತು, ವಿಸಿಟರ್ ವೀಸಾದಲ್ಲಿ ಆರು ತಿಂಗಳು ಕರೆಸಿಕೋ ಎಂದು ಎಲ್ಲರೂ ಹೇಳಿದರು. ವಿಸಿಟರ್ ಆಗಿ ಬಂದರೆ ಅವಳಿಗೆ ಕೆಲಸ ಇಲ್ಲ, ಮಗಳಿಗೆ ಶಾಲೆಯೂ ಇಲ್ಲ.

ಎರಡನೇ ಅರ್ಜಿಯನ್ನು ನಾನೇ ತುಂಬಿದೆ. ಮಾವ ಎಫ್‌ಡಿ ಮುರಿದು ನನ್ನ ಹೆಂಡತಿಯ ಹೆಸರಿಗೆ ಹಾಕಿದರು, ಕಡಿಮೆ ಬಿದ್ದದ್ದನ್ನು ಅಪ್ಪ ಅಡಿಕೆ ಮಾರಿ ಸೇರಿಸಿದರು. ಅವರಿಬ್ಬರಿಗೆ ಬೇಕಿದ್ದದ್ದು ಹದಿಮೂರೂವರೆ ಲಕ್ಷ, ಇಟ್ಟದ್ದು ಹದಿನೈದೂವರೆ. ಪೌಂಡ್ ದರವನ್ನು ವೀಸಾ ಅಧಿಕಾರಿಗಳು ಅರ್ಜಿ ದಿನದ ಓಆಂಡಾ (ವಿನಿಮಯ ದರದ ವೆಬ್‌ಸೈಟ್) ದರದಲ್ಲಿ ನೋಡುತ್ತಾರೆ, ಅದಕ್ಕೇ ಆ ಎರಡು ಲಕ್ಷ ಹೆಚ್ಚಿಗೆ. ಹಣ ಒಂದು ದಿನವೂ ಕೆಳಗಿಳಿಯದೆ 28 ದಿನ ನಿಲ್ಲಬೇಕು, ನಾನು ಐದು ವಾರ ನಿಲ್ಲಿಸಿದೆ. ಇಲ್ಲಿ ಒಂದು ವಿಷಯ ಯಾರೂ ಹೇಳುವುದಿಲ್ಲ. ಖಾತೆಗೆ ಆಟೋ-ಸ್ವೀಪ್ ಇದ್ದರೆ ರಾತ್ರೋರಾತ್ರಿ ಹಣ ಎಫ್‌ಡಿಗೆ ಜಾರಿ, ಸ್ಟೇಟ್‌ಮೆಂಟಿನಲ್ಲಿ ಬ್ಯಾಲೆನ್ಸ್ ಇಪ್ಪತ್ತೈದು ಸಾವಿರ ಎಂದು ಕಾಣುತ್ತದೆ. ಬ್ರಾಂಚಿಗೆ ಹೆಂಡತಿಯನ್ನೇ ಕಳಿಸಿ ಮೊದಲು ಅದನ್ನು ತೆಗೆಸಿದೆ. ಎಫ್‌ಡಿ ಮುರಿದ ರಸೀದಿ, ಮಾವನ ದಾನಪತ್ರ ಎರಡನ್ನೂ ಲಗತ್ತಿಸಿದೆ. ಹಿಂದಿನ ತಿರಸ್ಕಾರವನ್ನು ಫಾರಂನಲ್ಲಿ ನೇರವಾಗಿ ಬರೆದೆ. ಮುಚ್ಚಿಟ್ಟವರಿಗೆ ಹತ್ತು ವರ್ಷ ನಿಷೇಧ ಬೀಳಬಹುದು.

ನಮ್ಮ ಕಡೆಯ ಇನಿಷಿಯಲ್ ಕಾಟ ಬೇರೆ. ವಿವಾಹ ನೋಂದಣಿ ಪತ್ರದಲ್ಲಿ ಅವಳ ಹೆಸರಿನ ಮುಂದೆ "ಎಸ್.", ಪಾಸ್‌ಪೋರ್ಟಿನಲ್ಲಿ ಅದೇ ಅಕ್ಷರ ಬಿಡಿಸಿ ಅಪ್ಪನ ಪೂರ್ತಿ ಹೆಸರು. ನೋಟರಿ ಅಫಿಡವಿಟ್ ಹಾಕಿದೆ, ಪ್ರಶ್ನೆ ಬರಲಿಲ್ಲ. ಡಿಪೆಂಡೆಂಟ್‌ಗೆ ಇಂಗ್ಲಿಷ್ ಪರೀಕ್ಷೆ ಇರಲಿಲ್ಲ, ಟಿಬಿ ತಪಾಸಣೆ ಇತ್ತು.

ಈ ನಡುವೆ ಬೇರೆ ದೇಶಗಳನ್ನೂ ನೋಡಿದ್ದೆ. ಆಸ್ಟ್ರೇಲಿಯಾ 2024ರ ಮೇನಲ್ಲಿ ವಿದ್ಯಾರ್ಥಿ ತೋರಿಸಬೇಕಾದ ಹಣವನ್ನು 29,710 ಡಾಲರಿಗೆ ಏರಿಸಿತು, ಸಂಗಾತಿಗೆ ಇನ್ನೂ ಹತ್ತು ಸಾವಿರ ಚಿಲ್ಲರೆ. ಅಲ್ಲಿ ಆಮೇಲೆ ಕರೆಸಿಕೊಳ್ಳುವವರೂ ಮೊದಲ ಅರ್ಜಿಯಲ್ಲೇ ಹೆಂಡತಿ-ಮಕ್ಕಳ ಹೆಸರು ಬರೆದಿರಬೇಕು. ಕೆನಡಾ 2025ರ ಜನವರಿಯಿಂದ 16 ತಿಂಗಳಿಗಿಂತ ಚಿಕ್ಕ ಮಾಸ್ಟರ್ಸ್‌ಗೆ ಸಂಗಾತಿಯ ವರ್ಕ್ ಪರ್ಮಿಟ್ ನಿಲ್ಲಿಸಿತು. ಅಮೆರಿಕದ ಎಫ್-2 ವೀಸಾದಲ್ಲಿ (ವಿದ್ಯಾರ್ಥಿಯ ಕುಟುಂಬಕ್ಕೆ ಕೊಡುವುದು) ಸಂಗಾತಿಗೆ ಕೆಲಸವೇ ಇಲ್ಲ. ಹೆಂಡತಿ ದುಡಿಯದಿದ್ದರೆ ನಮಗೆ ಲೆಕ್ಕ ಕೂಡುತ್ತಿರಲಿಲ್ಲ.

ಡಿಸೆಂಬರಿನಲ್ಲಿ ಇಬ್ಬರೂ ಬಂದರು. ನನಗೆ ಟರ್ಮ್‌ನಲ್ಲಿ ವಾರಕ್ಕೆ 20 ಗಂಟೆ ಕೆಲಸದ ಮಿತಿ, ಅವಳಿಗೆ ಮಿತಿ ಇಲ್ಲ. 2025ರ ಜನವರಿಯಿಂದ ಬೇಕರಿಯೊಂದರ ಪ್ಯಾಕಿಂಗ್‌ನಲ್ಲಿ ಗಂಟೆಗೆ 11.44 ಪೌಂಡ್, ಏಪ್ರಿಲ್‌ನಿಂದ 12.21 ಸಿಕ್ಕಿತು. ಬಾಡಿಗೆ ಒಂಬೈನೂರರ ಆಸುಪಾಸು, ಅದು ಅವಳ ಅರ್ಧ ಸಂಬಳದಲ್ಲೇ ಮುಗಿಯಿತು. ಮಗಳಿಗೆ ಸರಕಾರಿ ಶಾಲೆ ಉಚಿತ, ಎರಡನೇ ತರಗತಿವರೆಗೆ ಮಧ್ಯಾಹ್ನದ ಊಟವೂ ಉಚಿತ. ಮೊದಲೇ ಹೇಳಿ ಸಸ್ಯಾಹಾರ ಬರೆಸಿದೆವು.

ಮುಂದಿನದು ಗ್ರಾಜುಯೇಟ್ ವೀಸಾ, ಓದು ಮುಗಿದ ಮೇಲೆ ಇಲ್ಲೇ ಉಳಿದು ದುಡಿಯಲು ಕೊಡುವುದು. ಈಗಾಗಲೇ ಡಿಪೆಂಡೆಂಟ್ ಆಗಿರುವವರು ಮಾತ್ರ ಅದರಲ್ಲಿ ಜೊತೆಗೆ ಬರಬಹುದು, ಹೊಸಬರನ್ನು ಸೇರಿಸುವಂತಿಲ್ಲ. ಬ್ಯಾಂಕ್ ಬ್ಯಾಲೆನ್ಸ್ ತೋರಿಸಬೇಕಿಲ್ಲ. 2025ರ ದರದಲ್ಲಿ ಶುಲ್ಕ, ಎರಡು ವರ್ಷದ ಸರ್ಚಾರ್ಜ್ ಸೇರಿ ಮೂವರಿಗೆ 8,300 ಪೌಂಡ್‌ನಷ್ಟು. ಬೇಸಿಗೆಯಿಂದ ಅದಕ್ಕೇ ಕೂಡಿಡುತ್ತಿದ್ದೇವೆ.