ಮನೆಯಲ್ಲಿ ಮಾಡಿದ ಫಜ್ ಪೆಡಲ್ ಸ್ವರ ಅರ್ಧಕ್ಕೇ ಸಾಯುತ್ತಿದ್ದರೆ

ಎರಡು ಟ್ರಾನ್ಸಿಸ್ಟರ್‌ನ ಫಜ್ ಫೇಸ್ (ಗಿಟಾರ್ ಸ್ವರವನ್ನು ಒರಟು ಮಾಡುವ ಪೆಡಲ್) ಸರ್ಕ್ಯೂಟ್ ಮಾಡಿಕೊಂಡಿರುವ ತುಮಕೂರಿನ ಗೆಳೆಯರೇ, ಎರಡನೇ ಟ್ರಾನ್ಸಿಸ್ಟರ್‌ನ ಕಲೆಕ್ಟರ್‌ಗೆ ಹಾಕಿರುವ 8.2 ಕಿಲೋ ಓಮ್ ರೆಸಿಸ್ಟರ್ ಬಿಚ್ಚಿ, ಅಲ್ಲಿ 20 ಕಿಲೋ ಓಮ್ ಪ್ರೀಸೆಟ್ (ತಿರುಗಿಸಿ ಬದಲಿಸಬಹುದಾದ ಪುಟ್ಟ ರೆಸಿಸ್ಟರ್) ಕೂರಿಸಿ. ಬಿಸಿ 547 (BC547) ತರಹದ ಎನ್‌ಪಿಎನ್ ಟ್ರಾನ್ಸಿಸ್ಟರ್ ಆದರೆ ಮಲ್ಟಿಮೀಟರಿನ ಕಪ್ಪು ವೈರು ಗ್ರೌಂಡಿಗೆ, ಕೆಂಪು ಕಲೆಕ್ಟರ್‌ಗೆ ಇಟ್ಟು, 4.5 ವೋಲ್ಟ್ ಬರುವವರೆಗೆ ಸಣ್ಣ ಸ್ಕ್ರೂಡ್ರೈವರ್‌ನಲ್ಲಿ ನಿಧಾನಕ್ಕೆ ತಿರುಗಿಸಿ. 9 ವೋಲ್ಟ್ ಬ್ಯಾಟರಿಯ ಅರ್ಧದಲ್ಲಿ ನಿಂತರೆ ಅಲೆಗೆ ಮೇಲೂ ಕೆಳಗೂ ಜಾಗ ಸಿಗುತ್ತೆ. ಒಂದೇ ಕಡೆ ವಾಲಿದ್ದರೆ ಮೀಟಿದ ಸ್ವರ ಹರಿದ ತಮಟೆಯ ಹಾಗೆ ಪಟಪಟ ಅಂದು ನಿಂತುಬಿಡುತ್ತೆ. ಕೊನೆಗೆ ಕಿವಿ ಹೇಳಿದ್ದೇ ಸರಿ, ನನಗಂತೂ 5 ವೋಲ್ಟ್ ಹತ್ತಿರ ತುಂಬಾ ಹಿಡಿಸಿತು. ಇನ್ನೂ ಕಿರಗುಟ್ಟಿದರೆ ಅದೇ ಟ್ರಾನ್ಸಿಸ್ಟರ್‌ನ ಬೇಸ್ ಮತ್ತು ಕಲೆಕ್ಟರ್ ನಡುವೆ 100 ಪಿಎಫ್ ಸೆರಾಮಿಕ್ ಕೆಪಾಸಿಟರ್ ಹಾಕಿ. ಜರ್ಮೇನಿಯಂ ಟ್ರಾನ್ಸಿಸ್ಟರ್ ಹಾಕಿದವರಿಗೆ ಈ ಹೊಂದಿಕೆ ಪೂರ್ತಿ ನಿಲ್ಲೋದಿಲ್ಲ: ಬೆಳಿಗ್ಗೆ ಕೂರಿಸಿದ ವೋಲ್ಟೇಜ್ ನಮ್ಮೂರಿನ ಏಪ್ರಿಲ್ ಮಧ್ಯಾಹ್ನದ ಸೆಕೆಗೆ ಜಾರುತ್ತೆ. ಎಷ್ಟು ತಿರುಗಿಸಿದರೂ ಮೀಟರ್ ಅಲುಗಾಡದಿದ್ದರೆ ಟ್ರಾನ್ಸಿಸ್ಟರ್ ಕಾಲುಗಳನ್ನು ನೋಡಿ. ಬಿಸಿ 547ಕ್ಕೂ ಅದರ ಬದಲಿಗೆ ಹಾಕುವ 2ಎನ್ 3904ಕ್ಕೂ ಕಲೆಕ್ಟರ್, ಎಮಿಟರ್ ಕಾಲು ಅದಲುಬದಲು.